2009ರ ನೆಟ್‌ಬುಕ್‌ಗೆ ಆಪರೇಟಿಂಗ್ ಸಿಸ್ಟಂ ಆರಿಸಿದ್ದು: ಒಂದು ಪ್ರಕರಣ ಅಧ್ಯಯನ

ನಮ್ಮೂರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಬಳಿ 2009ರಲ್ಲಿ ಕೊಂಡ ಒಂದು ನೆಟ್‌ಬುಕ್ ಇದೆ. ಹತ್ತು ಇಂಚಿನ ಪರದೆ, ಇಂಟೆಲ್ ಆಟಂ ಎನ್270 ಪ್ರೊಸೆಸರ್, ಒಂದು ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಬಂದಾಗ ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿದ ಮೇಲೆ ಪೇಟೆಯ ಅಂಗಡಿಯೊಂದರಲ್ಲಿ ವಿಂಡೋಸ್ 7 ಹಾಕಿಸಿಕೊಂಡಿದ್ದರು. ಅದರ ಬೆಂಬಲವೂ 2020ರ ಜನವರಿ 14ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ಯಂತ್ರ ಎಷ್ಟು ನಿಧಾನವಾಗಿತ್ತೆಂದರೆ, ಆನ್ ಮಾಡಿಟ್ಟು ಸ್ನಾನ ಮುಗಿಸಿ ಬಂದು ಬರೆಯಲು ಕೂರುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಬ್ರೌಸರ್ ಹಳತಾಗಿ ಎಷ್ಟೋ ಜಾಲತಾಣಗಳು ತೆರೆಯುತ್ತಲೇ ಇರಲಿಲ್ಲ.

"ಮಗ ಹೊಸದು ಕೊಡಿಸ್ತೀನಿ ಅಂತಾನೆ ಮಾರಾಯ, ನಾನೇ ಬೇಡ ಅಂದೆ. ಈ ಕೀಬೋರ್ಡಿಗೆ ಕೈ ಕೂತಿದೆ. ಇದರಲ್ಲಿ ಬರೆಯೋದಕ್ಕೆ ಆಗೋ ಹಾಗೆ ಮಾಡಿಕೊಡು ಸಾಕು" ಎಂದರು.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಹಲವು ರೂಪಗಳಲ್ಲಿ ಒಂದರ ಹೆಸರು. ಅತ್ಯಂತ ಹಗುರವಾದದ್ದು ಇದು, ಹಾಕಿಕೋ ಎಂದುಬಿಡುತ್ತಾರೆ. ಈ ಪ್ರಕರಣದಲ್ಲಿ ಅತ್ಯಂತ ಹಗುರವಾದದ್ದೇ ಮೊದಲು ಪಟ್ಟಿಯಿಂದ ಹೊರಬಿತ್ತು. ಅದಕ್ಕೆ ಕಾರಣ ವೇಗವಲ್ಲ, ನಮ್ಮ ಒತ್ತಕ್ಷರಗಳು. ಆದ್ದರಿಂದ ಆಯ್ಕೆ ನಡೆದ ದಾರಿಯನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೇಷ್ಟ್ರಿಗೆ ಯಂತ್ರ ಬೇಕಿರುವುದು ಮುಖ್ಯವಾಗಿ ಬರೆಯಲು. ಊರಿನ ಕೆರೆ, ದೇವಸ್ಥಾನ, ಶಾಸನಗಳ ಬಗ್ಗೆ ಲೇಖನಗಳು, ಸ್ಮರಣ ಸಂಚಿಕೆಗಳಿಗೆ ಬರಹ. ಹಿಂದೆ ಬರೆದದ್ದೆಲ್ಲ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿದೆ. ಅವನ್ನು ತೆರೆದು ತಿದ್ದಲು ಆಗಬೇಕು. ಬರೆದದ್ದನ್ನು ಇಮೇಲ್ ಮಾಡಬೇಕು, ಡಿಟಿಪಿ ಅಂಗಡಿಗೆ ಕೊಟ್ಟು ಮುದ್ರಿಸಬೇಕು. ಬೆಳಗ್ಗೆ ಎರಡು ಪತ್ರಿಕೆಗಳ ತಾಣ ಓದುತ್ತಾರೆ. ಸಂಜೆ ತಾಳಮದ್ದಲೆಯ ಎಂಪಿ3 ಕೇಳುತ್ತಾರೆ. ವಿಡಿಯೊ, ಬ್ಯಾಂಕು, ಪಿಂಚಣಿ ವಿಚಾರವೆಲ್ಲ ಮೊಬೈಲ್‌ನಲ್ಲೇ ನಡೆಯುತ್ತದೆ. ಈ ಕೊನೆಯ ಮಾತು ನನಗೆ ದೊಡ್ಡ ನೆಮ್ಮದಿ ಕೊಟ್ಟಿತು. ಏಕೆಂದು ಮುಂದೆ ಹೇಳುತ್ತೇನೆ.

ಯಂತ್ರದ ತಪಾಸಣೆ

ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಎಂಬ ಆಜ್ಞೆ ಕೊಟ್ಟರೆ ಪ್ರೊಸೆಸರ್‌ನ ಜಾತಕ ಸಿಗುತ್ತದೆ. ಅದರಲ್ಲಿ ನೋಡಬೇಕಾದ ಸಾಲು ಒಂದೇ: ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ಡೇಟಾದ ಅಗಲ 32-ಬಿಟ್ ಮಾತ್ರವೋ, 64-ಬಿಟ್ ಕೂಡ ಉಂಟೋ. 2008ರಲ್ಲಿ ಬಂದ ಎನ್270ಕ್ಕೆ 64-ಬಿಟ್ ಬರುವುದಿಲ್ಲ. 1.6 ಗಿಗಾಹರ್ಟ್ಸ್‌ನ ಒಂದೇ ಕೋರ್, ಹೈಪರ್‌ಥ್ರೆಡಿಂಗ್‌ನಿಂದ ಎರಡು ಥ್ರೆಡ್. ವಿದ್ಯುತ್ ಉಳಿಸಲೆಂದೇ ಮಾಡಿದ ಚಿಪ್ ಇದು, ಗರಿಷ್ಠ 2.5 ವ್ಯಾಟ್. ಆದೇಶಗಳನ್ನು ಬಂದ ಸರದಿಯಲ್ಲೇ ನಡೆಸುತ್ತದೆ. ಒಂದು ಆದೇಶ ಡೇಟಾಕ್ಕಾಗಿ ಕಾದರೆ ಅದರ ಹಿಂದಿನವೂ ಕಾಯುತ್ತವೆ. ಅದೇ ಕಾಲದ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್‌ಗಳು ಇವತ್ತಿಗೂ ಇದಕ್ಕಿಂತ ಎಷ್ಟೋ ಚುರುಕಾಗಿರುವುದಕ್ಕೆ ಅದೂ ಒಂದು ಮುಖ್ಯ ಕಾರಣ. ಸರದಿ ತಪ್ಪಿಸದ ಈ ಗುಣದಿಂದ ಒಂದು ಲಾಭವೂ ಇದೆ: 2018ರಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಗಳು ಈ ತಲೆಮಾರಿನ ಆಟಂಗಳನ್ನು ತಟ್ಟಲಿಲ್ಲ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವಾದ ಸ್ಮಾರ್ಟ್ ವರದಿ ನೋಡಿದೆ. ಕೆಟ್ಟ ಸೆಕ್ಟರ್‌ಗಳನ್ನು ಬದಲಿಸಿಕೊಂಡ ಲೆಕ್ಕ ಸೊನ್ನೆಯಾಗಿರಲಿಲ್ಲ. ಇಂಥ ಡಿಸ್ಕ್‌ನ ಮೇಲೆ ಹೊಸ ಸಿಸ್ಟಂ ಹಾಕುವ ಮೊದಲು ಒಳಗಿರುವುದನ್ನೆಲ್ಲ ನಕಲು ತೆಗೆಯುವುದೇ ಮೊದಲ ಕೆಲಸ. ಮೇಷ್ಟ್ರ ಇಡೀ ಬರಹ ಎರಡು ಪೆನ್‌ಡ್ರೈವ್‌ಗಳಿಗೆ ಹೋಯಿತು, ಒಂದನ್ನು ಅವರ ಮಗನ ಮನೆಗೆ ಕಳಿಸಿದೆವು.

ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗಿ ಕೂರುತ್ತಿತ್ತು. ಮದರ್‌ಬೋರ್ಡ್‌ನಲ್ಲಿರುವ ಪುಟ್ಟ ಸಿಮಾಸ್ ಬ್ಯಾಟರಿ ಸತ್ತಿರುವ ಲಕ್ಷಣ ಇದು. ಸಣ್ಣ ವಿಷಯವೆಂದು ಬಿಡುವ ಹಾಗಿಲ್ಲ. ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ತಡೆಯುತ್ತದೆ. ಸಿಸ್ಟಂ ಅಪ್‌ಡೇಟ್ ಕೂಡ ಅದೇ ಕಾರಣ ಹೇಳಿ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಏನೂ ತೆರೆಯುವುದಿಲ್ಲ ಎಂಬ ದೂರು ಬಂದರೆ ಮೊದಲು ದಿನಾಂಕ ನೋಡಿ. ಬ್ಯಾಟರಿ ಬದಲಿಸಿದ ಮೇಲೆ ಸರಿಹೋಯಿತು.

ವೈಫೈ ಚಿಪ್ ಅಥೆರೋಸ್‌ನದು. ಅದರ ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಬೇರೆ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ತಂತ್ರಾಂಶ) ಬೇಡ. 2.4 ಗಿಗಾಹರ್ಟ್ಸ್ ಜಾಲ ಮಾತ್ರ ಕಾಣುತ್ತದೆ, ಅಷ್ಟೆ. ಇದೇ ಕಾಲದ ಕೆಲವು ನೆಟ್‌ಬುಕ್‌ಗಳಲ್ಲಿ ಬ್ರಾಡ್‌ಕಾಂ ಚಿಪ್ ಇರುತ್ತದೆ. ಅದರ ಫರ್ಮ್‌ವೇರ್ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕಾಗಬಹುದು. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಅದರ ಇಂಟರ್ನೆಟ್ ಬಳಸುವುದು ಸುಲಭದ ದಾರಿ.

32-ಬಿಟ್ ಎಂಬ ಜರಡಿ

ಪ್ರೊಸೆಸರ್ 32-ಬಿಟ್ ಮಾತ್ರ ಎಂದಾದ ಕೂಡಲೇ ಜನಪ್ರಿಯ ಹೆಸರುಗಳು ಒಂದೊಂದಾಗಿ ಉದುರುತ್ತವೆ. ವಿಂಡೋಸ್ 11 ಬರುವುದು 64-ಬಿಟ್‌ನಲ್ಲಿ ಮಾತ್ರ. ವಿಂಡೋಸ್ 10ಕ್ಕೆ 32-ಬಿಟ್ ಆವೃತ್ತಿ ಇತ್ತು, ಒಂದು ಜಿಬಿ ರ‍್ಯಾಮ್ ಸಾಕೆಂದೂ ಹೇಳಿದ್ದರು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್‌ಗೆ 64-ಬಿಟ್ ಪ್ರೊಸೆಸರ್ ಜೊತೆಗೆ ನಾಲ್ಕು ಜಿಬಿ ರ‍್ಯಾಮ್ ಬೇಕು. ಹಳೆಯ ಯಂತ್ರಕ್ಕೆ ಉಬುಂಟು ಲಿನಕ್ಸ್‌ನ ಹಗುರ ರೂಪಗಳಾದ ಲುಬುಂಟು, ಕ್ಸುಬುಂಟು ಹಾಕಿ ಎನ್ನುವ ಸಲಹೆ ಇನ್ನೂ ಓಡಾಡುತ್ತಿದೆ. 32-ಬಿಟ್‌ಗೆ ಬಂದ ಅವುಗಳ ಕೊನೆಯ ದೀರ್ಘಾವಧಿ ಆವೃತ್ತಿ 18.04, ಅದರ ಬೆಂಬಲ 2021ರಲ್ಲೇ ಮುಗಿದಿದೆ. ಉಬುಂಟು ಆಧರಿಸಿದ ಲಿನಕ್ಸ್ ಮಿಂಟ್ 19 ಸರಣಿ 2023ರವರೆಗೆ ನಡೆಯಿತು.

ಮುಖ್ಯವಾಗಿ ಉಳಿಯುವುದು ಡೆಬಿಯನ್ ಎಂಬ ಲಿನಕ್ಸ್ ಮತ್ತು ಅದರ ಮೇಲೆ ಕಟ್ಟಿದವು. ಇಲ್ಲಿಯೂ ಒಂದು ಗಡಿ ಇದೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನೆಲ್ ಕೂಡ ಇಲ್ಲ. 2023ರ ಜೂನ್ 10ರಂದು ಬಂದ ಡೆಬಿಯನ್ 12 ಕೊನೆಯದು, ಅದರ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗೆ. ಹೀಗಾಗಿ ನಾನು ಹುಡುಕಬೇಕಾದದ್ದು ಡೆಬಿಯನ್ 12ರ ತಳಪಾಯದ, ಒಂದು ಜಿಬಿಯಲ್ಲಿ ನೆಮ್ಮದಿಯಿಂದ ನಡೆಯುವ, ಕನ್ನಡ ಸರಿಯಾಗಿ ತೋರಿಸುವ ಸಿಸ್ಟಂ. ಹೆಸರು ಯಾವುದಾದರೂ ಆಗಲಿ, ಆಯುಷ್ಯ 2028ರ ಆಚೆ ಇಲ್ಲವೆಂಬುದನ್ನು ಮೇಷ್ಟ್ರಿಗೆ ಆವತ್ತೇ ಹೇಳಿದೆ.

ಒತ್ತಕ್ಷರದ ಪರೀಕ್ಷೆ

ಹಗುರ ಲಿನಕ್ಸ್‌ಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಇಂಗ್ಲಿಷ್‌ನಲ್ಲಿ ಕೆಲಸ ಮಾಡುವವರು. ಅವರಿಗೆ ಬಾರದ ಒಂದು ಪ್ರಶ್ನೆ ನಮಗೆ ಬರುತ್ತದೆ. 'ಸ್ವಾತಂತ್ರ್ಯ' ಎಂಬ ಪದ ಪರದೆಯ ಮೇಲೆ ಸರಿಯಾಗಿ ಕಾಣಲು ಫಾಂಟ್ ಇದ್ದರಷ್ಟೇ ಸಾಲದು. ವ್ಯಂಜನ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ವ್ಯಂಜನ ಎಂದು ಸಾಲಾಗಿ ಇರುವ ಯೂನಿಕೋಡ್ ಸಂಕೇತಗಳನ್ನು ಕೂಡಿಸಿ ಒತ್ತನ್ನು ಕೆಳಗೆ ಇಳಿಸುವ ಕೆಲಸವನ್ನು ಒಂದು ತಂತ್ರಾಂಶ ಮಾಡಬೇಕು. ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಎಂಬ ಸಿದ್ಧ ಕೋಡ್‌ನ ಕಟ್ಟು (ಲೈಬ್ರರಿ) ಇದನ್ನು ಮಾಡುತ್ತದೆ. ಕಿಟಕಿ, ಗುಂಡಿ ಮೂಡಿಸುವ ಸಲಕರಣೆಗಳಾದ ಜಿಟಿಕೆ, ಕ್ಯೂಟಿ ಬಳಸಿ ಬರೆದ ತಂತ್ರಾಂಶಗಳು, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲಕ್ಕೂ ಇದರ ಬೆಂಬಲವಿದೆ.

ಅತಿ ಹಗುರ ಸಿಸ್ಟಂಗಳು ಕಿಲೋಬೈಟ್ ಲೆಕ್ಕದಲ್ಲಿ ಉಳಿತಾಯ ಮಾಡುವಾಗ ಬಿಟ್ಟುಬಿಡುವುದು ಇಂಥ ಪದರಗಳನ್ನೇ. ಟೈನಿ ಕೋರ್ ಲಿನಕ್ಸ್ 46 ಎಂಬಿ ರ‍್ಯಾಮ್‌ನಲ್ಲೂ ಬೂಟ್ ಆಗುತ್ತದೆ, ನಿಜಕ್ಕೂ ಮೆಚ್ಚಬೇಕಾದ ಕುಶಲತೆ. ಆದರೆ ಅದರ ಕಿಟಕಿಗಳು ನಿಂತಿರುವುದು ಎಫ್‌ಎಲ್‌ಟಿಕೆ ಎಂಬ ಪುಟ್ಟ ಸಲಕರಣೆಯ ಮೇಲೆ. ಅದರ 1.3 ಆವೃತ್ತಿ ಒತ್ತಕ್ಷರ ಜೋಡಿಸುವುದಿಲ್ಲ. ಅದೇ ಸಲಕರಣೆ ಬಳಸುವ ಡಿಲೊ ಬ್ರೌಸರ್‌ನಲ್ಲೂ ಕನ್ನಡ ಪುಟಗಳ ಅಕ್ಷರಗಳು ಬಿಡಿಬಿಡಿಯಾಗಿ, ನಡುವೆ ಅರ್ಧಾಕ್ಷರದ ಚಿಹ್ನೆ ತೂಗಿಕೊಂಡು ಕಾಣುತ್ತವೆ. ಜಿಟಿಕೆ ತಂತ್ರಾಂಶಗಳನ್ನು ಒಂದೊಂದಾಗಿ ಸೇರಿಸಿಕೊಂಡು ಸರಿಪಡಿಸಬಹುದು, ನಿಜ. ಸೇರಿಸುತ್ತಾ ಹೋದ ಹಾಗೆ ಅದರ ಹಗುರವೂ ಹೋಗುತ್ತದೆ. ಜೀವಮಾನವಿಡೀ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದ ಮನುಷ್ಯನ ಮುಂದೆ ಒಡೆದ ಕನ್ನಡ ಇಡಲು ನನಗೆ ಮನಸ್ಸು ಬರಲಿಲ್ಲ. ಟೈನಿ ಕೋರ್ ಅಲ್ಲಿಗೆ ಮುಗಿಯಿತು.

ನಂತರ ನೋಡಿದ ಪ್ರತಿಯೊಂದರಲ್ಲೂ ಮೊದಲು ಮಾಡಿದ್ದು ಇದೇ ಪರೀಕ್ಷೆ: ಸ್ವಾತಂತ್ರ್ಯ, ಲಕ್ಷ್ಮಿ, ರಾಷ್ಟ್ರ, ಸೂರ್ಯ ಎಂದು ಬರೆದಿಟ್ಟ ಒಂದು ಕಡತವನ್ನು ಪಠ್ಯ ಸಂಪಾದಕದಲ್ಲಿ, ಫೈಲ್ ಮ್ಯಾನೇಜರ್‌ನಲ್ಲಿ, ಬ್ರೌಸರ್‌ನಲ್ಲಿ ತೆರೆದು ನೋಡುವುದು. ಕಡತದ ಹೆಸರೂ ಕನ್ನಡದಲ್ಲೇ ಇರಲಿ, ಮೇಷ್ಟ್ರು ಹೆಸರಿಡುವುದು ಹಾಗೆ.

ಉಳಿದ ಮೂರು

ಪಪ್ಪಿ ಲಿನಕ್ಸ್ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಡೆಬಿಯನ್ 12ರ ಮೇಲೆ ಕಟ್ಟಿದ 32-ಬಿಟ್ ಪಪ್ಪಿಯೂ ಇದೆ. ಪೆನ್‌ಡ್ರೈವ್‌ನಿಂದ ಎದ್ದು ರ‍್ಯಾಮ್‌ನಲ್ಲೇ ಕೂತು ಓಡುವುದರಿಂದ ಡಿಸ್ಕ್ ಸತ್ತ ಲ್ಯಾಪ್‌ಟಾಪ್‌ಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಮ್ಮ ಪ್ರಕರಣದಲ್ಲಿ ಎರಡು ಅಡ್ಡಿ. ಸಾಮಾನ್ಯವಾಗಿ ಎಲ್ಲವೂ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಾಗಿಯೇ ನಡೆಯುತ್ತದೆ. ಇನ್ನೊಂದು, ಬದಲಾವಣೆಗಳೆಲ್ಲ ಒಂದು ಸೇವ್ ಕಡತದಲ್ಲಿ ಪದರವಾಗಿ ಕೂರುವ ವ್ಯವಸ್ಥೆ. ಮೇಷ್ಟ್ರ ಪಾಲಿಗೆ ಅಪ್‌ಡೇಟ್ ಎಂದರೆ ಒಂದು ಗುಂಡಿ ಒತ್ತಿದರೆ ಆಗುವಂಥದ್ದಾಗಿರಬೇಕಿತ್ತು.

ಕ್ಯೂ4ಓಎಸ್ ಬಹಳ ಹತ್ತಿರ ಬಂದಿತ್ತು. ಕೆಡಿಇ 3.5 ಎಂಬ ಹಳೆಯ ಡೆಸ್ಕ್‌ಟಾಪನ್ನು ಮುಂದುವರಿಸಿಕೊಂಡು ಬಂದ ಟ್ರಿನಿಟಿ ಡೆಸ್ಕ್‌ಟಾಪ್ ಅದರದು, ನೋಡಿದರೆ ಎಕ್ಸ್‌ಪಿಯೇ ಮರಳಿ ಬಂದಂತಿದೆ. "ಇದು ನಮ್ಮ ಹಳೇದೇ ಅಲ್ವಾ!" ಎಂದು ಮೇಷ್ಟ್ರು ಖುಷಿಪಟ್ಟರು. ಎರಡು ಜಿಬಿ ರ‍್ಯಾಮ್ ಆಗಲೇ ಇದ್ದಿದ್ದರೆ, ಪರದೆ ಇನ್ನೊಂದಿಷ್ಟು ಎತ್ತರವಿದ್ದಿದ್ದರೆ ಅದನ್ನೇ ಹಾಕುತ್ತಿದ್ದೆ. ನೆಟ್‌ಬುಕ್‌ನ ಪರದೆ 1024×600. ಆರುನೂರು ಪಿಕ್ಸೆಲ್ ಎತ್ತರದಲ್ಲಿ ಕೆಲವು ಸೆಟ್ಟಿಂಗ್ ಕಿಟಕಿಗಳ ಕೆಳತುದಿ ಪರದೆಯಿಂದ ಹೊರಗುಳಿಯುತ್ತದೆ, 'ಓಕೆ' ಗುಂಡಿಯೇ ಕಾಣುವುದಿಲ್ಲ. ಆಲ್ಟ್ ಕೀ ಹಿಡಿದು ಕಿಟಕಿಯನ್ನು ಮೇಲಕ್ಕೆ ಎಳೆಯಬಹುದು. ಅದನ್ನು ದಿನವೂ ಮಾಡು ಎಂದು ಎಪ್ಪತ್ತು ದಾಟಿದವರಿಗೆ ಹೇಳುವುದು ನ್ಯಾಯವಲ್ಲ.

ಆರಿಸಿದ್ದು ಆಂಟಿಎಕ್ಸ್ 23ರ 32-ಬಿಟ್ ಆವೃತ್ತಿ. ಡೆಬಿಯನ್ 12ರದೇ ತಳಪಾಯ, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿ ಇಲ್ಲ, ಭಾರದ ಡೆಸ್ಕ್‌ಟಾಪ್ ಬದಲು ಐಸ್‌ಡಬ್ಲ್ಯುಎಂ ಎಂಬ ಕಿಟಕಿ ವ್ಯವಸ್ಥಾಪಕ. ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಎಕ್ಸ್‌ಪಿ ಬಳಸಿದವರಿಗೆ ಅಪರಿಚಿತವೆನಿಸುವುದಿಲ್ಲ. ಏನೂ ತೆರೆಯದೆ ಸುಮ್ಮನಿದ್ದಾಗ ಬಳಸುವ ರ‍್ಯಾಮ್ ಇನ್ನೂರು ಎಂಬಿಯ ಒಳಗೇ ಇತ್ತು. ಬರಿಯ ಡೆಬಿಯನ್ ಹಾಕಿ ಐಸ್‌ಡಬ್ಲ್ಯುಎಂ ಸೇರಿಸಿದರೂ ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಲ್ಲಬಹುದು. ಆದರೆ ವೈಫೈ, ಧ್ವನಿ, ಪೆನ್‌ಡ್ರೈವ್ ತಾನಾಗಿ ತೆರೆಯುವುದು, ಪರದೆಯ ಬೆಳಕು, ಇವೆಲ್ಲವನ್ನೂ ಹೊಂದಿಸಿಟ್ಟ ಶ್ರಮ ಆಂಟಿಎಕ್ಸ್‌ನಲ್ಲಿದೆ. ಪೂರ್ಣ, ಬೇಸ್, ಕೋರ್, ನೆಟ್ ಎಂಬ ನಾಲ್ಕು ಗಾತ್ರಗಳಲ್ಲಿ ನಾನು ಬೇಸ್ ತೆಗೆದುಕೊಂಡು, ಬೇಕಾದ್ದನ್ನು ಮಾತ್ರ ಸೇರಿಸಿದೆ.

ಖರ್ಚು ಎಲ್ಲಿ

ಭಾರವಿರುವುದು ಬ್ರೌಸರ್‌ನಲ್ಲಿ. ಆಪರೇಟಿಂಗ್ ಸಿಸ್ಟಂನಲ್ಲಿ ಐವತ್ತು ಎಂಬಿ ಉಳಿಸಲು ಗಂಟೆಗಟ್ಟಲೆ ಕಷ್ಟಪಟ್ಟರೂ ಒಂದು ಸುದ್ದಿತಾಣದ ಪುಟ ಅದರ ಹಲವು ಪಟ್ಟನ್ನು ಒಮ್ಮೆಗೇ ನುಂಗುತ್ತದೆ. ಆದ್ದರಿಂದ ಹಣ ಖರ್ಚು ಮಾಡುವುದಿದ್ದರೆ ರ‍್ಯಾಮ್‌ಗೆ ಮೊದಲು. ಈ ಯಂತ್ರದ 945ಜಿಎಸ್‌ಇ ಚಿಪ್‌ಸೆಟ್ ಒಪ್ಪುವುದೇ ಗರಿಷ್ಠ ಎರಡು ಜಿಬಿ. ಇರುವುದೊಂದೇ ಸ್ಲಾಟ್, ಹಾಗಾಗಿ ಒಂದು ಜಿಬಿಯದನ್ನು ತೆಗೆದು ಎರಡು ಜಿಬಿಯ ಡಿಡಿಆರ್2 ತುಂಡು ಕೂರಿಸಬೇಕು. ಹೊಸದು ಅಂಗಡಿಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಹಾರ್ಡ್ ಡಿಸ್ಕ್ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆವು. ಈ ಯಂತ್ರದಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕ ಸೆಕೆಂಡಿಗೆ 1.5 ಗಿಗಾಬಿಟ್‌ನ ಮೊದಲ ತಲೆಮಾರಿನದು, ಎಸ್‌ಎಸ್‌ಡಿಯ ಪೂರ್ಣ ವೇಗ ಬರುವುದಿಲ್ಲ. ಆದರೂ ಚದುರಿದ ಸಣ್ಣ ಕಡತಗಳನ್ನು ಹೆಕ್ಕುವಲ್ಲಿ ಹಳೆಯ ಡಿಸ್ಕ್‌ಗೂ ಇದಕ್ಕೂ ಅಜಗಜಾಂತರ.

ಎರಡೂ ಸೇರಿಸಿದರೆ ಆದ ಖರ್ಚು ದೊಡ್ಡದಲ್ಲ. ಆದರೂ ಮೇಷ್ಟ್ರಿಗೆ ಬಿಡಿಸಿ ಹೇಳಿದೆ: ಎಸ್‌ಎಸ್‌ಡಿ ಮುಂದಿನ ಯಂತ್ರಕ್ಕೂ ಆಗುತ್ತದೆ, ರ‍್ಯಾಮ್ ಆಗುವುದಿಲ್ಲ. ಹೊಸ ಬ್ಯಾಟರಿ ಬೇಕೇ ಎಂದು ಕೇಳಿದರು, ಬೇಡವೆಂದೆ. ಮೇಜಿನ ಮೇಲೆ ಇಟ್ಟು ಪ್ಲಗ್ ಹಾಕಿಕೊಂಡೇ ಬರೆಯುವವರಿಗೆ ಅದು ವ್ಯರ್ಥ. ಮನೆಯಲ್ಲಿ ಯುಪಿಎಸ್ ಇದೆ.

ಕೀಬೋರ್ಡ್ ವಿಷಯದಲ್ಲಿ ಮಾತ್ರ ಉಳಿತಾಯ ಬಿಟ್ಟೆ. ಲಿನಕ್ಸ್‌ನ ಎಕ್ಸ್ ವಿಂಡೋ ವ್ಯವಸ್ಥೆಯಲ್ಲೇ ನುಡಿಯಲ್ಲಿರುವ ಕಗಪ ಕೀಲಿ ವಿನ್ಯಾಸ ಸೇರಿದೆ. ಅದನ್ನು ಬಳಸಿದರೆ ಬೇರೆ ತಂತ್ರಾಂಶವೇ ಬೇಡ, ರ‍್ಯಾಮ್ ಖರ್ಚೂ ಇಲ್ಲ. ತೊಂದರೆ ಏನೆಂದರೆ ಅದು ಹಿಂದಿನ ಅಕ್ಷರ ನೋಡುವುದಿಲ್ಲ. ನುಡಿಯಲ್ಲಿ ಅದೇ ಕೀ ಪದದ ಮೊದಲಲ್ಲಿ ಒತ್ತಿದರೆ ಸ್ವರ, ವ್ಯಂಜನದ ಮುಂದೆ ಒತ್ತಿದರೆ ಕಾಗುಣಿತ. ಇಲ್ಲಿ ಎರಡಕ್ಕೂ ಬೇರೆಬೇರೆ ಒತ್ತು ಬೇಕು. ನುಡಿಯಲ್ಲಿ ನೋಡದೆ ಟೈಪ್ ಮಾಡುವ ಕೈಗೆ ಇದು ಪ್ರತಿ ಪದಕ್ಕೂ ಎಡವಿದಂತೆ. ಹಾಗಾಗಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಘಟಕ ಹಾಕಿ, ಅದರಲ್ಲಿರುವ ಕೆಜಿಪಿ (ಕಗಪ) ವಿನ್ಯಾಸ ಆರಿಸಿದೆ. ಒಂದಿಷ್ಟು ಎಂಬಿ ಹೋಯಿತು, ಹೋಗಲಿ. ಉಳಿದದ್ದನ್ನೆಲ್ಲ ಹಗುರ ಮಾಡಿದ್ದೇ ಇದಕ್ಕೆ ಜಾಗವಿರಲಿ ಎಂದು. ಐಸ್‌ಡಬ್ಲ್ಯುಎಂನಲ್ಲಿ ಐಬಸ್ ತಾನಾಗಿ ಏಳುವುದಿಲ್ಲ, ಆರಂಭ ಕಡತದಲ್ಲಿ ಅದರ ಸಾಲು ಸೇರಿಸಬೇಕು.

ಫಾಂಟ್‌ಗಳಲ್ಲಿ ನೋಟೊ ಮತ್ತು ಲೋಹಿತ್ ಜೊತೆಗೆ ಡೆಬಿಯನ್‌ನ ಗುಬ್ಬಿ, ನವಿಲು ಪ್ಯಾಕೇಜ್‌ಗಳನ್ನೂ ಹಾಕಿದೆ. ಹತ್ತಿಂಚಿನ ಪರದೆಯಲ್ಲಿ ಒತ್ತುಗಳು ಮಸುಕಾಗುತ್ತವೆ, ಎಲ್ಲ ಕಡೆ ಅಕ್ಷರದ ಗಾತ್ರ ಎರಡು ಅಂಕೆ ಏರಿಸಿದೆ.

ಹಳೆಯ ನುಡಿ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಮೊದಲು ಕಂಡದ್ದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಂತೆ. ಆ ಫಾಂಟ್‌ಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟಿರುವುದರಿಂದ ಫಾಂಟ್ ಇಲ್ಲದಿದ್ದರೆ ಹೀಗೇ. ಹಳೆಯ ವಿಂಡೋಸ್‌ನಿಂದ ಅದೇ ನುಡಿ ಫಾಂಟ್ ಕಡತಗಳನ್ನು ತಂದು ಮೇಷ್ಟ್ರ ಖಾತೆಯ ಫಾಂಟ್ ಫೋಲ್ಡರ್‌ಗೆ ಹಾಕಿದ ಮೇಲೆ ಲೇಖನಗಳು ಇದ್ದ ಹಾಗೆಯೇ ಕಂಡವು. ಓದಲು ಅಷ್ಟು ಸಾಕು. ತಿದ್ದಿ ಯಾರಿಗಾದರೂ ಕಳಿಸುವುದಕ್ಕೆ ಮಾತ್ರ ಯೂನಿಕೋಡ್‌ಗೆ ಪರಿವರ್ತಿಸುತ್ತೇವೆ. ಪರಿವರ್ತಕ ಎಷ್ಟೇ ಒಳ್ಳೆಯದಿದ್ದರೂ ಅರ್ಕಾವತ್ತು ಬರುವ ಕಡೆ, ಎರಡು ಒತ್ತು ಸೇರುವ ಕಡೆ ಕಣ್ಣಿಟ್ಟು ಓದಲೇಬೇಕು. ಆ ಕೆಲಸ ಮೇಷ್ಟ್ರಿಗಿಂತ ಚೆನ್ನಾಗಿ ಮಾಡುವವರಿಲ್ಲ. ಡಿಟಿಪಿ ಅಂಗಡಿಗೆ ಈಗ ಪಿಡಿಎಫ್ ಹೋಗುತ್ತದೆ. ಫಾಂಟ್ ಅದರೊಳಗೇ ಸೇರಿರುವುದರಿಂದ ಅಲ್ಲಿ ಅಕ್ಷರ ಬದಲಾಗುವ ಕಾಟ ತಪ್ಪಿದೆ.

ದಿನದ ಬರವಣಿಗೆಗೆ ಲಿಬ್ರೆಆಫೀಸ್ ಬೇಡವೆಂದು ಮೌಸ್‌ಪ್ಯಾಡ್ ಎಂಬ ಸರಳ ಪಠ್ಯ ಸಂಪಾದಕ ಕೊಟ್ಟಿದ್ದೇನೆ. ಕ್ಷಣದಲ್ಲಿ ತೆರೆಯುತ್ತದೆ. ಕೊನೆಗೆ ಪುಟ ಕಟ್ಟುವಾಗ ಮಾತ್ರ ಲಿಬ್ರೆಆಫೀಸ್‌ನ ರೈಟರ್. ಫೈರ್‌ಫಾಕ್ಸ್‌ನ ದೀರ್ಘಾವಧಿ ಬೆಂಬಲದ ಆವೃತ್ತಿಯಾದ ಇಎಸ್‌ಆರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದ್ದು ದೊಡ್ಡ ಉಪಕಾರ ಮಾಡಿತು. ಜಾಹೀರಾತು ಇಳಿಯದಿದ್ದರೆ ಈ ಪ್ರೊಸೆಸರ್‌ಗೆ ಅರ್ಧ ಹೊರೆ ಕಡಿಮೆ. ಎರಡು ಟ್ಯಾಬ್‌ವರೆಗೆ ಸಲೀಸು, ನಾಲ್ಕಕ್ಕೆ ಏದುಸಿರು. ತಾಳಮದ್ದಲೆ ಎಂಪಿವಿ ಎಂಬ ಪ್ಲೇಯರ್‌ನಲ್ಲಿ ಯಾವ ತೊಡಕೂ ಇಲ್ಲದೆ ನಡೆಯುತ್ತದೆ. ಬ್ರೌಸರ್‌ನಲ್ಲಿ ವಿಡಿಯೊ ನೋಡುವುದು ಆಗದ ಮಾತು. ಜಿಎಂಎ 950 ಗ್ರಾಫಿಕ್ಸ್‌ಗೆ ಇವತ್ತಿನ ವಿಡಿಯೊ ಬಿಡಿಸುವ ಶಕ್ತಿ ಇಲ್ಲ, ಎಲ್ಲವೂ ಪ್ರೊಸೆಸರ್‌ನ ತಲೆಗೇ ಬೀಳುತ್ತದೆ.

ಗಡುವು

ಸಿಸ್ಟಂಗಿಂತ ಮೊದಲು ಮುಗಿಯುವುದು ಬ್ರೌಸರ್. ಗೂಗಲ್ ಕ್ರೋಮ್ 32-ಬಿಟ್ ಲಿನಕ್ಸ್ ಅನ್ನು 2016ರಲ್ಲೇ ಕೈಬಿಟ್ಟಿತು. ಮೊಜಿಲ್ಲಾ 2025ರಲ್ಲಿ ಪ್ರಕಟಿಸಿದ ಪ್ರಕಾರ 32-ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್ 144 ಕೊನೆಯದು. ಇಎಸ್‌ಆರ್ 140ಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದು ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ ಎಂದು ಹೇಳಿದೆ. ಬ್ಯಾಂಕು, ಪಿಂಚಣಿ ಮೊಬೈಲ್‌ನಲ್ಲೇ ಇರುವುದು ನೆಮ್ಮದಿ ಎಂದದ್ದು ಇದಕ್ಕಾಗಿ. ಈ ಯಂತ್ರದಲ್ಲಿ ಅಂಥ ಯಾವ ಪಾಸ್‌ವರ್ಡನ್ನೂ ಹಾಕಬೇಡಿ ಎಂದು ಬರೆದು ಕೊಟ್ಟಿದ್ದೇನೆ.

"ಹಾಗಾದ್ರೆ ಆಮೇಲೆ ಇದನ್ನ ಎಸೆಯೋದಾ?" ಎಂದು ಕೇಳಿದರು.

"ಬೇಡಿ ಮೇಷ್ಟ್ರೇ. ಬ್ರೌಸರ್‌ಗೆ ಅಪ್‌ಡೇಟ್ ನಿಂತ ದಿನ ವೈಫೈ ಆಫ್ ಮಾಡಿ ಕೊಡ್ತೀನಿ. ಬರೆಯೋದಕ್ಕೆ ಇಂಟರ್ನೆಟ್ ಯಾಕೆ? ಬರೆದದ್ದನ್ನ ಪೆನ್‌ಡ್ರೈವ್‌ಗೆ ಹಾಕಿದರೆ ಮೊಬೈಲ್‌ನಿಂದ ಕಳಿಸಬಹುದು." ಅದಕ್ಕೆ ಬೇಕಾದ ಓಟಿಜಿ ಕೇಬಲ್ ಈಗಾಗಲೇ ತಂದುಕೊಟ್ಟಿದ್ದೇನೆ, ಅಭ್ಯಾಸವಾಗಲಿ ಎಂದು ಈಗಿನಿಂದಲೇ ಕೆಲವು ಲೇಖನ ಹಾಗೆ ಕಳಿಸುತ್ತಿದ್ದಾರೆ.

ಕೀಬೋರ್ಡೋ ಮದರ್‌ಬೋರ್ಡೋ ಕೈಕೊಟ್ಟರೆ ರಿಪೇರಿಗೆ ಹೋಗುವುದಿಲ್ಲ ಎಂದು ಮಾತಾಗಿದೆ. ಆಗ ಕೆಲವೇ ಸಾವಿರಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುತ್ತೇವೆ: 64-ಬಿಟ್ ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್, ಬದಲಿಸಬಹುದಾದ 2.5 ಇಂಚಿನ ಡಿಸ್ಕ್. ಈ ಎಸ್‌ಎಸ್‌ಡಿಯನ್ನು ಬಿಚ್ಚಿ ಅದರಲ್ಲಿ ಕೂರಿಸಿದರೆ 32-ಬಿಟ್ ಆಂಟಿಎಕ್ಸ್ ಅಲ್ಲೂ ಏಳುವ ಸಾಧ್ಯತೆ ಇದೆ, ಹಳೆಯ ಬಯೋಸ್ ರೀತಿಯ ಬೂಟ್‌ಗೆ ಅವಕಾಶವಿದ್ದರೆ. 64-ಬಿಟ್ ಸಿಸ್ಟಂ ಹೊಸದಾಗಿ ಹಾಕುವುದೇ ಮೇಲು. ಮೇಷ್ಟ್ರ ಹೋಮ್ ಫೋಲ್ಡರ್ ಬೇರೆ ಪಾರ್ಟಿಷನ್‌ನಲ್ಲಿ ಇರುವುದರಿಂದ ಲೇಖನ, ನುಡಿ ಫಾಂಟು, ತಾಳಮದ್ದಲೆ ಯಾವುದನ್ನೂ ಮುಟ್ಟಬೇಕಾಗಿಲ್ಲ.